ರಫ್ ಪುಸ್ತಕದಾಗಿನ ಹದಿಮೂರು ಗುರುತು

ಪಿಎಚ್‌ಡಿ ಆದ ಮಂದಿ ಮ್ಯಾಲ ನನಗ ಮೊದಲು ಭಾಳ ಗೌರವ ಇತ್ತು. ಈಗ ಇಲ್ಲ. ಯಾಕಿಲ್ಲ ಅನ್ನೋದನ್ನ ಬರಿಯಾಕ ಕುಂತೀನಿ. ಎರಡು ಬೆರಳಿನ್ಯಾಗ ಟೈಪ್ ಮಾಡ್ತೀನಿ, ಒತ್ತಕ್ಷರ ಹುಡುಕೂದ್ರಾಗ ಅರ್ಧ ಸಿಟ್ಟು ಇಳಿದು ಹೋಗ್ತೈತಿ. ಉಳಿದ ಅರ್ಧ ಇಲ್ಲಿ ಐತಿ.

ನನ್ನ ಕೆಲಸ ಕೆಟ್ಟ ಸಂದೇಶ ಎಣಸೂದು. ಹಿಂಗಂದ್ರ ಯಾರಿಗೂ ತಿಳಿಯಂಗಿಲ್ಲ. ನನ್ನ ಹೆಂಡತಿ ಮಂದಿ ಮುಂದ ಕಂಪ್ಯೂಟರ್ ಕೆಲಸ ಅಂತ ಹೇಳಿ ಮುಗಿಸಿಬಿಡ್ತಾಳ. ಗಂಗಾವತಿ ಕಡೆ ಕಾಲುವಿ ದಂಡಿಮ್ಯಾಲ ಒಂದು ರೈತರ ಸಂಘದವರು ಹನ್ನೆರಡು ಡಬ್ಬಿ ಹಾಕಿಸ್ಯಾರ. ಒಂದೊಂದು ಡಬ್ಬ್ಯಾಗ ಒಂದು ಸಿಮ್, ಒಂದು ಬ್ಯಾಟರಿ. ನೀರು ಎಷ್ಟು ಎತ್ತರ ಹರಿಯಾಕತ್ತೈತಿ ಅಂತ ಡಬ್ಬಿ ಕಾಲು ತಾಸಿಗೊಮ್ಮಿ ಕೊಪ್ಪಳದಾಗಿನ ನಮ್ಮ ಖೋಲಿಗೆ ಸಂದೇಶ ಕಳಸ್ತೈತಿ. ಖೋಲಿ ಒಂದು ಖಾಸಗಿ ಕಂಪನಿದು. ಕೆಳಗ ಹಿಟ್ಟಿನ ಗಿರಣಿ, ಮ್ಯಾಲ ನಾನು. ಗಿರಣಿ ಚಾಲೂ ಆದ್ರ ಕಂಪ್ಯೂಟರ್ ಪರದಿ ನಡಗ್ತೈತಿ, ಕೀಬೋರ್ಡ್ ಮ್ಯಾಲ ಬಿಳಿ ಹಿಟ್ಟು ಕೂಡ್ರತೈತಿ.

ಗಾಳ್ಯಾಗ ಬರೋ ಸಂದೇಶ ದಾರ್ಯಾಗ ಕೆಡ್ತೈತಿ. ಏಳು ಅಂತ ಹೊಂಟದ್ದು ಒಂದು ಅಂತ ಬಂದು ಮುಟ್ಟತೈತಿ. ಅದಕ್ಕ ಸಂದೇಶದ ಕೊನಿಗೆ ಎಲ್ಲಾ ಅಂಕಿ ಕೂಡಿಸಿದ ಮೊತ್ತ ಒಂದು ಹಚ್ಚಿರ್ತಾರ. ಇಲ್ಲಿ ಕಂಪ್ಯೂಟರ್ ಮತ್ತೊಮ್ಮಿ ಕೂಡಿಸಿ ನೋಡ್ತೈತಿ, ತಾಳೆ ಆಗಲಿಲ್ಲಂದ್ರ ಒಗದುಬಿಡ್ತೈತಿ. ಒಗದದ್ದರ ಗುರುತು ಸೈತ ಇಡಂಗಿಲ್ಲ, ಅಷ್ಟು ದರಿದ್ರ ಸಾಫ್ಟ್‌ವೇರ್. ಕಂಪನಿಯವರು ಅದನ್ನ ಮಾಡಿಸಿದಾಗ ಛಲೋ ಸಂದೇಶ ಅಷ್ಟ ನಮಗ ಬೇಕು ಅಂದಿದ್ರಂತ. ಆಮ್ಯಾಲ ಎಷ್ಟು ಕೆಡ್ತಾವ ಅಂತ ಯಾರೋ ಮ್ಯಾಲಿನವರು ಕೇಳಿದ್ರು, ಆಗ ಕಂಪನಿಯವರಿಗೆ ನನ್ನ ನೆನಪಾತು. ಮುಂಜಾನೆ ಆರರಿಂದ ಸಂಜಿ ಆರರತನಕ ಪರದಿ ಮುಂದ ಕುಂತು, ಸಂದೇಶ ಬಂದ್ರ ಚುಕ್ಕಿ, ಹೊತ್ತಿಗೆ ಬರಲಿಲ್ಲಂದ್ರ ಕೆಟ್ಟಿತು ಅಂತ ಕತ್ತರಿ ಗುರುತು, ಹಿಂಗ ಪುಸ್ತಕದಾಗ ಹಾಕೂದು ನನ್ನ ನೌಕರಿ. ಕಂಪ್ಯೂಟರಿನ ತಪ್ಪನ್ನ ಪೆನ್ಸಿಲ್ಲಿನ್ಯಾಗ ಬರಿಯಾಕ ಒಬ್ಬ ಮನಷ್ಯಾನ್ನ ಇಟ್ಟ ಕಂಪನಿ ಅದು.

ನಾನು ಯಲಬುರ್ಗಾ ಕಡಿಯಾವ. ಏಳನೇತ್ತಾ ಮುಗಿಸಿ ಸಾಲಿ ಬಿಟ್ಟೆ. ಕುಷ್ಟಗಿ ಬಸ್‌ಸ್ಟ್ಯಾಂಡಿನ ಎದುರು ಮೊಬೈಲ್ ರೀಚಾರ್ಜ್ ಅಂಗಡಿ ಹಾಕಿದೆ. ಹನುಮಸಾಗರದಿಂದ ಬಂದಾವ್ರು ತಮ್ಮ ಊರಾಗ ಸಿಗ್ನಲ್ ಇಲ್ಲಂದ್ರ ನನ್ನನ್ನ ಬೈತಿದ್ರು, ಟವರ್ ನಾನ ಬಗಲಾಗ ಇಟ್ಕೊಂಡು ಕುಂತಂಗ. ಯಾಕ ಸಿಗ್ನಲ್ ಹೋಗ್ತೈತಿ ಅನ್ನೋದು ನನಗೂ ಗೊತ್ತಿರಲಿಲ್ಲ, ಬೈಸ್ಕೊಂತ ಬೈಸ್ಕೊಂತ ತಿಳ್ಕೋಬೇಕು ಅನ್ನಿಸ್ತು. ಮೂವತ್ತೊಂದಕ್ಕ ಹತ್ತನೇತ್ತಾ ಪರೀಕ್ಷೆಗೆ ಕುಂತೆ. ಹಾಲಿನ್ಯಾಗ ಹುಡುಗ್ರು ನನ್ನ ನೋಡಿ ಎದ್ದು ನಿಂತ್ರು, ಸೂಪರ್‌ವೈಸರ್ ಅಂತ ತಿಳದು. ನಾಲ್ವತ್ತಕ್ಕ ಡಿಗ್ರಿ ಮುಗಿಸಿದೆ, ಭೌತಶಾಸ್ತ್ರ, ಗಣಿತ ಮತ್ತು ಸಂಖ್ಯಾಶಾಸ್ತ್ರ. ತಡಾ ಮಾಡಿ ಓದಿದಾವಂಗ ಒಂದು ರೋಗ ಇರ್ತೈತಿ. ಅಕ್ಷರ ಸ್ವಚ್ಛ ಇರಬೇಕು, ಕಾಟು ಇರಬಾರದು, ಕಲೆ ಇರಬಾರದು. ಸಣ್ಣಾವಿದ್ದಾಗ ಮಾಸ್ತರು ಹೊಲಸು ಪುಸ್ತಕಕ್ಕ ಬಡದದ್ದು ಕೈಯಾಗಿಂದ ಹೋಗಿಲ್ಲ.

ಹಂಗಾಗಿ ನನ್ನ ಹತ್ರ ಎರಡು ಪುಸ್ತಕ. ರಫ್ ಪುಸ್ತಕ ಪರದಿ ಮುಂದ ಇರ್ತಿತ್ತು, ಮಿರ್ಚಿ ತಿಂದ ಕೈಯಿನ ಎಣ್ಣಿ, ಚಾದ ಕಪ್ಪಿನ ಗುಂಡನ ಕಲೆ, ಹಿಟ್ಟು, ಎಲ್ಲಾ ಅದರ ಮ್ಯಾಲ. ದಿನಾ ಸಂಜಿಕ ಅದನ್ನ ನೋಡಿ ಸ್ವಚ್ಛ ಹಾಳಿ ಬರೀತಿದ್ದೆ, ಸ್ಕೇಲ್ ಹಿಡಿದು ಗೆರಿ ಎಳದು, ತಲಿಬರಹಕ್ಕ ಕೆಂಪು ಶಾಯಿ ಹಾಕಿ. ಡಬ್ಬಿಗೊಂದು ಸಾಲು. ಇವತ್ತು ಇಷ್ಟು ಬಂದಾವ, ಇಷ್ಟು ಕೆಟ್ಟಾವ. ಯಾವುದರ ಹಿಂದ ಯಾವುದು ಕೆಟ್ಟಿತು ಅನ್ನೋದು ಸ್ವಚ್ಛ ಹಾಳ್ಯಾಗ ಇರತಿರಲಿಲ್ಲ. ಅಷ್ಟೆಲ್ಲಾ ಚುಕ್ಕಿ, ಕತ್ತರಿ ಬರದ್ರ ಹಾಳಿ ಗಲೀಜು ಕಾಣತಿತ್ತು. ಯಾರೂ ಹಿಂಗ ಮಾಡು ಅಂತ ಹೇಳಿರಲಿಲ್ಲ. ನನ್ನ ಬುದ್ಧಿ ಅದು.

ಆ ಸ್ವಚ್ಛ ಹಾಳಿ ಪಿಎಚ್‌ಡಿ ಸಾಹೇಬಂಗ ಹೋಗ್ತಿದ್ವು. ಕಂಪನಿಯವರು ದೊಡ್ಡ ಊರಿಂದ ಕರಿಸಿದ ಪಂಡಿತ ಅವ. ಸಂದೇಶ ಹೆಂಗ ಕೆಡ್ತಾವ ಅನ್ನೋದಕ್ಕ ಮಾಡೆಲ್ ಕಟ್ಟಾಕ ಬಂದಿದ್ದ. ತಿಂಗಳಿಗೊಮ್ಮಿ ಬಂದು ಕೊಪ್ಪಳದಾಗ ಲಾಡ್ಜಿನ್ಯಾಗ ಇಳೀತಿದ್ದ. ನಮ್ಮ ಖೋಲಿಗೆ ಬಂದ್ರ ಮೊದಲು ಕರ್ಚೀಫಿನಿಂದ ಕುರ್ಚಿ ಒರಸ್ತಿದ್ದ, ಆಮ್ಯಾಲ ಬೂಟು ಒರಸ್ತಿದ್ದ, ಆಮ್ಯಾಲ ಮಾತು. ಕಾಲುವಿ ನೋಡಾಕ ಒಮ್ಮಿನೂ ಹೋಗಲಿಲ್ಲ. ನಾನು ಕರದಾಗ, ಡೇಟಾ ಇದ್ದ ಮೇಲೆ ಜಾಗ ಯಾಕ್ರೀ ಬೇಕು ಅಂದ. ನನ್ನ ಹಾಳಿ ಕೈಯಾಗ ಹಿಡಿದು ಎಷ್ಟು ನೀಟಾಗಿ ಬರೆದಿದೀರಿ ಅಂತ ಹೊಗಳಿದ. ನಾಲ್ವತ್ತು ವರ್ಷ ದಾಟಿದ ಗಂಡಸು ನಾನು, ಆ ಒಂದು ಮಾತಿಗೆ ಎರಡು ದಿನ ಹಿಗ್ಗಿ ತಿರಗಾಡಿದೆ. ನನ್ನ ಬಗ್ಗೆ ನನಗ ಹೇಸಿಗಿ ಬರೋದು ಅಲ್ಲಿಂದ ಚಾಲೂ ಆಗ್ತೈತಿ.

ಅವನ ಮಾಡೆಲ್ ಭಾಳ ಸರಳ ಇತ್ತು. ಒಂದೊಂದು ಸಂದೇಶಕ್ಕೂ ಒಂದೊಂದು ನಾಣ್ಯ ಚಿಮ್ಮಿದಂಗ ಅಂತ. ನಾಣ್ಯ ಸ್ವಲ್ಪ ಓರೆ, ಅಷ್ಟ. ಮುಖ ಬಿದ್ರ ಸಂದೇಶ ಬಂತು, ಬೆನ್ನು ಬಿದ್ರ ಕೆಟ್ಟಿತು. ಹಿಂದಿನ ಸಂದೇಶಕ್ಕ ಏನಾತು ಅನ್ನೋದಕ್ಕೂ ಈ ಸಂದೇಶಕ್ಕೂ ಸಂಬಂಧ ಇಲ್ಲ. ಬಿತ್ತಿದ ಕಾಳು ಹೊಲದ ತುಂಬ ಸಮ ಬಿದ್ದಂಗ, ಕೆಡೋ ಸಂದೇಶ ದಿನದ ತುಂಬ ಅಲ್ಲೊಂದು ಇಲ್ಲೊಂದು ಬೀಳ್ತಾವ ಅಂತ ಅವನ ಸಿದ್ಧಾಂತ. ಇದನ್ನ ಕಾಣಸಾಕ ನಾಲ್ವತ್ತು ಸ್ಲೈಡ್ ಮಾಡಿದ್ದ, ಬಣ್ಣ ಬಣ್ಣದ್ದು.

ಆ ಸಿದ್ಧಾಂತ ಕೇಳಿ ನಕ್ಕಾವ ಒಬ್ಬನ. ಕನಕಗಿರಿ ರಸ್ತಾದ ಕಡಿ, ಗುಡ್ಡದ ಬುಡಕ್ಕ ಇರೋ ಕೊನಿ ಡಬ್ಬಿ ಕಾಯೋ ಕಾಕಾ. ಸಂಘದವರು ಇಟ್ಟ ಆಳು, ಅರವತ್ತರ ಹತ್ತಿರ ವಯಸ್ಸು. ತೂಬು ಎತ್ತೂದು ಇಳಸೂದು, ನೀರು ನೋಡೂದು, ಡಬ್ಬಿಯ ಕೀಲಿ ಇಟ್ಕೊಳ್ಳೂದು ಅವನ ಕೆಲಸ. ಕೀಲಿ ಸೊಂಟದ ಉಡದಾರಕ್ಕ ಕಟ್ಟಿರ್ತಿದ್ದ. ಬ್ಯಾಟರಿ ನೋಡಾಕ ನಾನು ತಿಂಗಳಿಗೊಮ್ಮಿ ಹೋದ್ರ, ಚಾದ ಬಸಿಯಾಗ ಅರ್ಧ ತನಗ ಸುರಕೊಂಡು ಕಪ್ಪು ನನಗ ಕೊಡ್ತಿದ್ದ. ನನ್ನ ಮಾಸ್ತರ ಅಂತ ಕರೀತಿದ್ದ, ಚ್ಯಾಷ್ಟಿಗೆ. ಗಡ್ಡ ಬೆಳ್ಳಗಾದ ಮ್ಯಾಲ ಸಾಲಿಗೆ ಹೋದಾವ ನೀವೊಬ್ಬರ ನೋಡ್ರಿ ಅಂತಿದ್ದ.

ನಾಣ್ಯದ ಕಥಿ ಹೇಳಿದೆ ಅವಂಗ. ಕೇಳಿ, ಬಾಯಾಗಿನ ತಂಬಾಕ ಉಗುಳಿ ಬಂದು ಹೇಳಿದ.

“ಈ ಡಬ್ಬಿ ಮುನಿಸ್ಕೊಂಡ ಬೀಗರಿದ್ದಂಗ ಐತ್ರಿ ಮಾಸ್ತರ. ಬೀಗರು ಸಿಟ್ಟಾದ್ರ ಒಂದು ಹಬ್ಬಕ್ಕ ಬಿಟ್ಟು ಇನ್ನೊಂದಕ್ಕ ಬರ್ತಾರೇನು? ಬಿಟ್ರ ಎಲ್ಲಾನೂ ಬಿಡ್ತಾರ. ಮತ್ತ ಕೂಡಿದ್ರಂದ್ರ ಕರೀದಿದ್ರೂ ಬರ್ತಾರ.”

ಡಬ್ಬಿ ಮ್ಯಾಲ ಒಂದು ಸಣ್ಣ ದೀಪ ಐತಿ, ಸಂದೇಶ ಮುಟ್ಟಿದ್ರ ಹಸರು, ಇಲ್ಲಂದ್ರ ಕೆಂಪು. ಇಡೀ ದಿನ ಅದರ ಮುಂದ ಕುಂತು ನೋಡಿದಾವ ಅವ. ನೀರು ಮ್ಯಾಲ ಏರಿದಾಗ ಮುನಿಸು ಹೆಚ್ಚು ಅಂತನೂ ಹೇಳಿದ. ನಾನು ಡಿಗ್ರಿ ಆದಾವ, ನಕ್ಕು ಬಿಟ್ಟೆ. ಕಪ್ಪು ಖಾಲಿ ಮಾಡಿ ಬಸ್ಸಿಗೆ ಬಂದೆ.

ಅದಾಗಿ ಸ್ವಲ್ಪ ದಿನಕ್ಕ ಒಂದು ಸುದ್ದಿ ಬಂತು. ಮುನಿರಾಬಾದಿನ ಡ್ಯಾಮಿಂದ ನೀರು ಜೋರು ಬಿಟ್ಟಿದ್ರು. ಕಾಲುವಿ ಕೊನಿ ಭಾಗದ ಭತ್ತದ ಗದ್ದಿಗೆ ಮಾತ್ರ ನೀರು ಮುಟ್ಟಲಿಲ್ಲ. ಅದ ದಿನ ಮಧ್ಯಾಹ್ನ ಕೊನಿ ಡಬ್ಬಿ ಮೂರು ತಾಸಿನ ಮ್ಯಾಲ ಮೂಕಾತು. ಸಂಘದವರು ಫೋನ್ ಹಚ್ಚಿ ಎಷ್ಟು ಸಂದೇಶ ಹೋದ್ವು ಅಂತ ಕೇಳಿದ್ರು. ಒಂದರ ಹಿಂದ ಒಂದು ಹದಿಮೂರು ಅಂತ ನಾನು ಸ್ವಚ್ಛ ಹಾಳ್ಯಾಗ ಬರದು, ಕೆಳಗ ಎರಡು ಗೆರಿ ಎಳದು ಕಳಿಸಿದೆ. ಸಾಹೇಬ ಅದನ್ನ ತನ್ನ ಮಾಡೆಲ್ಲಿಗೆ ಹಾಕಿದ. ಓರೆ ನಾಣ್ಯ ಹದಿಮೂರು ಸಲ ಬೆನ್ನು ಬೀಳಬೇಕಂದ್ರ ಭೂಮಿ ಹುಟ್ಟಿದಾಗಿಂದ ಚಿಮ್ಮಿಕೊಂತ ಕುಂತ್ರೂ ಆಗಂಗಿಲ್ಲ ಅಂತ ಉತ್ತರ ಬಂತು. ಅಂದ್ರ ತಾನಾಗಿ ಕೆಟ್ಟಿಲ್ಲ, ಯಾರೋ ವೈರ್ ಕಿತ್ತಾರ. ಕೀಲಿ ಯಾರ ಹತ್ರ ಐತಿ? ಕಾಕಾನ ಹತ್ರ. ಡಬ್ಬಿ ಮೂಕ ಮಾಡಿ, ತೂಬು ಎತ್ತಿ, ಮ್ಯಾಲಿನ ಗದ್ದಿಯವರಿಗೆ ನೀರು ಬಿಟ್ಟಾನ ಅಂತ ಕಥಿ ಎರಡು ದಿನದಾಗ ತಯಾರಾತು.

ಸಭಾ ಗಂಗಾವತಿದಾಗ, ಸಂಘದ ಗೋದಾಮಿನ್ಯಾಗ. ಗೊಬ್ಬರದ ಚೀಲ ಒಂದು ಕಡಿ ಸರಿಸಿ ಕುರ್ಚಿ ಹಾಕಿದ್ರು. ಮುಂದಿನ ಸಾಲಿನ್ಯಾಗ ಮ್ಯಾಲಿನ ಗದ್ದಿಯ ದೊಡ್ಡ ಮಂದಿ, ಹಿಂದ ನಿಂತಾವ್ರು ಕೊನಿ ಭಾಗದವರು. ಕಾಕಾನ್ನ ನಡುವ ನಿಂದ್ರಿಸಿದ್ರು. ನಾನು ಕಂಪನಿ ಪರವಾಗಿ ಹೋಗಿದ್ದೆ, ತೊಡಿ ಮ್ಯಾಲ ಚೀಲ. ಸಾಹೇಬ ಬಂದಿರಲಿಲ್ಲ. ಧೂಳಿಗೆ ಅವಂಗ ಆಗಿಬರಂಗಿಲ್ಲ. ಸಂಘದ ಅಧ್ಯಕ್ಷರ ಫೋನಿನ ಸ್ಪೀಕರಿನ್ಯಾಗ ಮಾತಾಡಿದ.

ಹದಿಮೂರು ಸಲ ಸತತವಾಗಿ ಕೆಡೋದು ಅಸಾಧ್ಯ ಅಂತ ಚಾಲೂ ಮಾಡಿದ. ಎರಡು ಮಾತಿಗೆ ದನಿ ಹೋತು. ಹಲೋ ಹಲೋ ಅಂತ ಗೋದಾಮು ತುಂಬ ಒದರಿದ್ರು. ಅಧ್ಯಕ್ಷರು ಫೋನ್ ಕಿಡಕಿಗೆ ಹಿಡಿದ್ರು, ಚೀಲದ ಮ್ಯಾಲ ಹತ್ತಿ ಹಿಡಿದ್ರು. ಒಂದು ನಿಮಿಷದ ಮ್ಯಾಲ ದನಿ ತಾನಾಗಿ ಬಂತು, ಆದ್ದರಿಂದ ಇದೊಂದೇ ತೀರ್ಮಾನ ಅಂತ ಸಾಹೇಬ ಮಾತು ಮುಗಿಸಾಕತ್ತಿದ್ದ. ನಡುವ ಏನು ಹೇಳಿದ್ನೋ ಒಬ್ಬರಿಗೂ ಕೇಳಿರಲಿಲ್ಲ. ಆದ್ರೂ ಮುಂದಿನ ಸಾಲಿನವರು ತಲಿ ಆಡಿಸಿದ್ರು. ಪಂಡಿತನ ಮಾತಿಗೆ ತಲಿ ಆಡಸಾಕ ಮಾತು ಕೇಳಬೇಕಂತೇನಿಲ್ಲ.

ಕಾಕಾ ಮೆತ್ತಗ ಕೇಳಿದ, “ಸಾಹೇಬ್ರ ದನಿ ಈಗ ನಡುವ ಹೋತಲ್ಲರಿ, ಅವರ ವೈರ್ ಯಾರು ಕಿತ್ತಿದ್ರು?”

ಹಿಂದ ನಿಂತಾವ್ರು ನಕ್ಕರು. ಅಧ್ಯಕ್ಷರೂ ನಗಬೇಕಂತ ಮಾಡಿದ್ರು, ಮುಂದಿನ ಸಾಲು ನೋಡಿ ನುಂಗಿದ್ರು. ಮಾತು ಚ್ಯಾಷ್ಟಿ ಮಾಡಿದ್ರ ಗದ್ದಿಗೆ ನೀರು ಬರಂಗಿಲ್ಲ ಅಂತ ಗದರಿಸಿ, ಮುಂದಿನ ಸಭಾದ ತನಕ ಕೀಲಿ ಇಟ್ಟು ಮನಿಗೆ ಹೋಗಬೇಕು, ಆವಾಗ ಕೆಲಸ ಇರಬೇಕೋ ಬ್ಯಾಡೋ ನೋಡೂಣು ಅಂದ್ರು. ಕಾಕಾ ಅಂಗಿ ಎತ್ತಿ ಉಡದಾರದ ಗಂಟು ಬಿಚ್ಚಾಕ ಹತ್ತಿದ. ಗಂಟು ಹಳೇದು, ಬಿಚ್ಚಲಿಲ್ಲ. ಇಷ್ಟು ಮಂದಿ ಮುಂದ ಹೊಟ್ಟಿ ಬಿಟ್ಕೊಂಡು ನಿಂತು, ಉಗುರು ಹಚ್ಚಿ, ಹಲ್ಲು ಕಡದು, ಕಡೀಕ ಒಬ್ಬರ ಬ್ಲೇಡ್ ಇಸ್ಕೊಂಡು ಕೊಯ್ದು ಕೊಟ್ಟ.

ಅಷ್ಟೂ ಹೊತ್ತು ರಫ್ ಪುಸ್ತಕ ನನ್ನ ಚೀಲದಾಗ ಇತ್ತು. ಅದರಾಗ ತಿಂಗಳುಗಟ್ಟಲೆ ಚುಕ್ಕಿ, ಕತ್ತರಿ ಇದ್ವು, ಬಂದ ಸಾಲಿನ್ಯಾಗ. ಕತ್ತರಿ ಗುರುತು ಗುಂಪು ಗುಂಪಾಗಿ ಬೀಳ್ತಾವ ಅನ್ನೋದು ನನ್ನ ಕಣ್ಣಿಗೆ ಬಿದ್ದಿತ್ತು ಸೈತ. ತಗದು ತೋರಸಬಹುದಿತ್ತು. ತಗೀಲಿಲ್ಲ. ಅಂಜಿ ಅಲ್ಲ. ಅಂಜಿದ್ದೆ ಅಂತ ಹೇಳಿದ್ರ ನನಗ ಹಗುರ, ಮಂದಿಗೂ ತಿಳೀತೈತಿ. ನಿಜ ಏನಂದ್ರ ನನಗ ನಾಚಿಕಿ ಬಂತು. ಎಣ್ಣಿ ಕಲೆ ಬಿದ್ದ, ಕಾಟು ಹೊಡದ, ಮೂಲಿ ಹರಿದ ಪುಸ್ತಕ ಅಷ್ಟು ಮಂದಿ ಮುಂದ ಹೆಂಗ ತಗೀಲಿ ಅಂತ. ಒಬ್ಬ ಮನಷ್ಯಾನ ಕೆಲಸ ಹೋಗಾಕತ್ತಿತ್ತು, ನಾನು ನನ್ನ ಅಕ್ಷರದ ಚಿಂತಿ ಮಾಡಾಕತ್ತಿದ್ದೆ. ಸಾಹೇಬನ್ನ ಬೈಯಾಕ ನನಗೆಷ್ಟು ಹಕ್ಕೈತಿ ಅನ್ನೋದನ್ನ ಓದಾವ್ರು ನೋಡ್ಕೋಬೇಕು.

ಮರುದಿನ ರಜಾ ಹಾಕಿ ಕೊನಿ ಡಬ್ಬಿ ಹತ್ರ ಹೋದೆ. ಕಾಕಾನ ಜಾಗಾದಾಗ ಯಾರೂ ಇರಲಿಲ್ಲ. ಅವ ಕುಂಡ್ರತಿದ್ದ ಕಲ್ಲು ನುಣ್ಣಗಾಗಿ ತಗ್ಗು ಬಿದ್ದಿತ್ತು. ಅದರ ಮ್ಯಾಲ ಕುಂತು ಸಂಜಿತನಕ ದೀಪ ನೋಡಿದೆ. ನೀರು ಕಡಿಮಿ ಇದ್ದಾಗ ಹಸರು, ಹಸರು, ಹಸರು. ಮಧ್ಯಾಹ್ನದ ಮ್ಯಾಲ ನೀರು ಏರಿ ಗೋಡಿ ಮ್ಯಾಲಿನ ಬಿಳಿ ಗೆರಿ ಮುಟ್ಟಿತು. ದೀಪ ಕೆಂಪಾತು. ಕಾಲು ತಾಸಿಗೆ ಮತ್ತ ಕೆಂಪು. ಡಬ್ಬಿಗೆ ಯಾರೂ ಕೈ ಹಚ್ಚಿಲ್ಲ, ಕೀಲಿ ಅಧ್ಯಕ್ಷರ ಮನ್ಯಾಗ. ಎಣಿಸಿಕೊಂತ ಕುಂತೆ, ಒಂಬತ್ತು ಕೆಂಪು ಬಂದ್ವು. ನೀರು ಗೆರಿಯಿಂದ ಇಳೀತು, ಹಸರಾತು.

ಡಿಗ್ರ್ಯಾಗ ಇದನ್ನ ಓದಿ ಪಾಸಾಗಿದ್ದೆ ನಾನು. ಡಬ್ಬಿಯ ಮಾತು ಕಾಲುವಿ ಆಚಿಗಿರೋ ಟವರಿಗೆ ಎರಡು ದಾರಿಲೆ ಹೋಗ್ತೈತಿ, ಒಂದು ನೇರ, ಇನ್ನೊಂದು ನೀರಿನ ಮೈಗೆ ಬಡದು. ಎರಡೂ ಅಲೆಗಳ ಹೆಜ್ಜಿ ಕೂಡಿದ್ರ ಜೋರು, ಹೆಜ್ಜಿ ತಪ್ಪಿದ್ರ ಒಂದನ್ನೊಂದು ಅಳಿಸಿಬಿಡ್ತಾವ. ನೀರು ಏರಿದ್ರ ಬಡಿಯೋ ಜಾಗ ಬದಲಾಗಿ ಹೆಜ್ಜಿ ತಪ್ತೈತಿ, ನೀರು ಅಲ್ಲೆ ಇರೋತನಕ ತಪ್ಪೇ ಇರ್ತೈತಿ. ಪರೀಕ್ಷೆದಾಗ ಚಿತ್ರ ಸೈತ ಬರದಿದ್ದೆ, ಸ್ಕೇಲ್ ಹಿಡಿದು.

ಸಾಹೇಬ ಆ ವಾರ ಕೊಪ್ಪಳಕ್ಕ ಬಂದಿದ್ದ. ಲಾಡ್ಜಿಗೆ ಹೋಗಿ ರಫ್ ಪುಸ್ತಕ ಟೇಬಲ್ ಮ್ಯಾಲ ಇಟ್ಟೆ. ಎರಡು ಬೆರಳಿನ್ಯಾಗ ಮೂಲಿ ಹಿಡಿದು ತಿರುವಿದ. ನಾಕು ಹಾಳಿ ಆದ ಮ್ಯಾಲ ಕನ್ನಡಕ ಸರಿ ಮಾಡ್ಕೊಂಡ. ಮೂರ್ಖ ಇರಲಿಲ್ಲ ಅವ, ಅದ ನನಗ ಹೆಚ್ಚು ಸಿಟ್ಟು ತರಿಸಿದ್ದು. ನೋಡಿದ ಕೂಡ್ಲೆ ತಿಳೀತು ಅವಂಗ. ಇದಕ್ಕೆ ಬೇರೆ ಮಾಡೆಲ್ ಇದೆ, ಅದೂ ಭಾಳ ಹಳೇದು ಅಂತ ತಾನ ಹೇಳಿದ. ಎರಡು ಮನಿ ಇದ್ದಂಗ ಅಂತ, ಒಂದು ಛಲೋ ಮನಿ, ಒಂದು ಕೆಟ್ಟ ಮನಿ. ಛಲೋ ಮನ್ಯಾಗ ಇದ್ದಾಗ ಸಂದೇಶ ಕೆಡೂದು ಅಪರೂಪ. ಕೆಟ್ಟ ಮನಿ ಹೊಕ್ಕಿತಂದ್ರ ಲಗೂನ ಹೊರಗ ಬರಂಗಿಲ್ಲ, ಅಲ್ಲಿ ಇರೋತನಕ ಎಲ್ಲಾನೂ ಕೆಡ್ತಾವ. ಎಷ್ಟು ಸಲ ಹೊಗ್ತೈತಿ, ಹೊಕ್ಕರ ಎಷ್ಟು ಹೊತ್ತು ಇರ್ತೈತಿ, ಇವೆರಡು ಗೊತ್ತಾದ್ರ ಸಾಕು. ಬೀಗರ ಮುನಿಸಿಗೆ ಗಣಿತದ ಅಂಗಿ ತೊಡಿಸಿದಂಗ ಇತ್ತು.

ಹಂಗಾದ್ರ ನಾಣ್ಯದ ಮಾಡೆಲ್ ಯಾಕ ಹಾಕಿದ್ರಿ ಅಂತ ಕೇಳಿದೆ.

“ನೀವು ಕೊಟ್ಟಿದ್ದು ಮೊತ್ತ ಕಣ್ರೀ. ಮೊತ್ತದಲ್ಲಿ ಸಾಲು ಕಾಣುತ್ತಾ? ಈ ಪುಸ್ತಕ ಮೊದಲೇ ಕೊಡಬೇಕಿತ್ತು.”

“ನೀವು ಕೇಳಲಿಲ್ಲ,” ಅಂದೆ. “ಕೇಳಿದ್ರ ಕೊಡ್ತಿದ್ದೆ.”

ಇಬ್ಬರಿಗೂ ಸ್ವಚ್ಛ ಹಾಳಿ ಮ್ಯಾಲ ಪ್ರೀತಿ, ಇಬ್ಬರೂ ಕೂಡಿ ಒಬ್ಬ ಮುದುಕನ ಉಡದಾರ ಕೊಯ್ಸಿದ್ವಿ ಅಂದೆ. ಅವ ಅದನ್ನ ಒಪ್ಪಲಿಲ್ಲ. ವರದಿ ತಿದ್ದಿ ಕಳಿಸ್ತೀನಿ ಅಂದು ಕೈ ತೊಳಕೊಳ್ಳಾಕ ಬಚ್ಚಲಕ್ಕ ಹೋದ. ಮೂರು ದಿನಕ್ಕ ಎರಡು ಪುಟದ ಕಾಗದ ಬಂತು. ಹೆಚ್ಚುವರಿ ಮಾಹಿತಿ ದೊರೆತ ಹಿನ್ನೆಲೆಯಲ್ಲಿ ಮಾದರಿಯನ್ನು ಪರಿಷ್ಕರಿಸಲಾಗಿದೆ ಅಂತಿತ್ತು. ತಪ್ಪಾತು ಅನ್ನೋ ಮಾತಿಗೆ ಅಷ್ಟುದ್ದ ಪದ ಹುಡಿಕ್ಯಾನ. ಕಾಕಾನ ಸುದ್ದಿ ಎಲ್ಲೂ ಇಲ್ಲ.

ಎರಡನೇ ಸಭಾದಾಗ ಅಧ್ಯಕ್ಷರು ಆ ಕಾಗದ ಓದಿದ್ರು. ಅವರಿಗೆ ತಿಳೀಲಿಲ್ಲ, ಮಂದಿಗೂ ತಿಳೀಲಿಲ್ಲ. ಕೊನಿ ಭಾಗದವನೊಬ್ಬ, ಹಂಗಾದ್ರ ಇವ ಕಳ್ಳನೋ ಅಲ್ಲೋ, ಒಂದು ಮಾತಿನ್ಯಾಗ ಹೇಳ್ರಿ ಅಂದ. ಅಧ್ಯಕ್ಷರು ಕಾಗದ ಹಿಂದ ಮುಂದ ತಿರುವಿ ನೋಡಿದ್ರು. ನಾನು ಎದ್ದು ನಿಂತೆ. ಚೀಲದಾಗಿಂದ ರಫ್ ಪುಸ್ತಕ ತಗದೆ.

ಆ ಮಧ್ಯಾಹ್ನದ ಸಾಲು ಓದಿದೆ. ಬಂತು, ಬಂತು, ಬಂತು, ಇಲ್ಲ, ಇಲ್ಲ, ಇಲ್ಲ. ಹದಿಮೂರು ಸಲ ಇಲ್ಲ ಅಂದೆ. ಹಿಂದ ನಿಂತಾವ್ರು ಬೆರಳು ಮಡಚಿ ಎಣಿಸಿದ್ರು. ಆಮ್ಯಾಲ ಹಾಳಿ ಹಿಂದ ತಿರುವಿ, ಹಿಂದಿನ ತಿಂಗಳದ ಒಂದು ದಿನ ಓದಿದೆ. ಅವತ್ತು ಇಲ್ಲ ಅನ್ನೋದು ಹದಿನೇಳಾತು. ಅದರ ಹಿಂದಿನದು ಹದಿನಾಲ್ಕು. ಆ ಎರಡು ದಿನ ನಿಮ್ಮ ಗದ್ದಿಗೆ ನೀರು ಬಂದಿತ್ತೋ ಇಲ್ಲೋ ಅಂತ ಕೊನಿ ಭಾಗದವರನ್ನ ಕೇಳಿದೆ. ಅವರು ತಮ್ಮ ತಮ್ಮೊಳಗ ಮಾತಾಡಿದ್ರು. ಬಂದಿತ್ತು, ತುಂಬಿ ಬಂದಿತ್ತು ಅಂದ್ರು. ನೀರು ತುಂಬಿದಾಗನ ಡಬ್ಬಿ ಮೂಕ ಆಗ್ತೈತಿ, ಕಾಕಾ ಮೊದಲ ಹೇಳಿದ್ದ, ನಾನು ಕೇಳಲಿಲ್ಲ, ಈ ಪುಸ್ತಕ ಹೋದ ಸಭಾದಾಗೂ ನನ್ನ ಚೀಲದಾಗ ಇತ್ತು ಅಂದೆ. ಅದನ್ನ ಹೇಳದಿದ್ರೂ ನಡೀತಿತ್ತು. ಹೇಳಿದೆ.

ಹಂಗಾದ್ರ ಆವತ್ತಿನ ನೀರು ಎಲ್ಲಿ ಹೋತು ಅಂತ ಒಬ್ಬ ಕೇಳಿದ. ಮುಂದಿನ ಸಾಲಿನವರು ಮೊಬೈಲ್ ನೋಡಾಕ ಹತ್ತಿದ್ರು, ಎಲ್ಲಾರಿಗೂ ಒಮ್ಮಿಗೆ ಫೋನ್ ಬಂದಂಗ. ಅವರ ಗದ್ದಿಯಾಗ ಮೋಟರ್ ಇದಾವ, ಕೊನಿ ಡಬ್ಬಿ ದಾಟಿದ ಕೂಡ್ಲೆ ಅವರ ಪೈಪ್ ಕಾಲುವ್ಯಾಗ ಇಳದಾವ, ಅದು ಎಲ್ಲಾರಿಗೂ ಗೊತ್ತೈತಿ. ಅದಕ್ಕ ಯಾವ ಮಾಡೆಲ್ಲೂ ಬ್ಯಾಡ. ಅಧ್ಯಕ್ಷರು ಆ ವಿಷಯ ಮುಂದ ನೋಡೂಣು ಅಂದು ಕೀಲಿ ತಗದು ಕಾಕಾನ ಕೈಯಾಗ ಇಟ್ಟರು. ಕ್ಷಮಾ ಕೇಳಲಿಲ್ಲ. ಅಂಥಾ ರೂಢಿ ಆ ಗೋದಾಮಿನ್ಯಾಗ ಇಲ್ಲ.

ಕಾಕಾ ಹೊಸಾ ಉಡದಾರ ಹಾಕ್ಕೊಂಡು ಬಂದಿದ್ದ. ಕೀಲಿ ಬರ್ತೈತಿ ಅಂತ ನಂಬಿ ಹಾಕ್ಕೊಂಡಿದ್ನೋ, ಸುಮ್ಮನ ಹಾಕ್ಕೊಂಡಿದ್ನೋ, ಕೇಳಾಕ ಧೈರ್ಯ ಆಗಲಿಲ್ಲ. ಹೊರಗ ಚಾದಂಗಡಿ ಮುಂದ ಅವನ ಜೋಡಿ ನಿಂತೆ. ಎರಡು ಚಾ ಹೇಳಿದೆ. ಅವ ಕೀಲಿ ದಾರಕ್ಕ ಪೋಣಿಸಿಕೊಂತ ನನ್ನ ಕಡೆ ನೋಡದನ ಅಂದ.

“ಆ ಪುಸ್ತಕ ಚೀಲದಾಗಿಂದ ನಿಮ್ಮ ಕೈಗೆ ಬರಾಕ ಹನ್ನೆರಡು ದಿನ ಹಿಡೀತಲ್ಲರಿ ಮಾಸ್ತರ. ನನ್ನ ಡಬ್ಬಿನ ವಾಸಿ.”

ಚಾ ಬಂತು. ಅವ ತಗೋಳಲಿಲ್ಲ. ಗಂಟು ಎರಡು ಸಲ ಎಳದು ನೋಡಿ, ಅಂಗಿ ಇಳಿಬಿಟ್ಟು, ಕನಕಗಿರಿ ಬಸ್ಸು ನಿಂದ್ರೋ ಕಡೆ ನಡದ. ಎರಡೂ ಚಾ ನಾನ ಕುಡದೆ. ಈಗ ನಾನು ಸ್ವಚ್ಛ ಹಾಳಿ ಬರಿಯೂದಿಲ್ಲ, ರಫ್ ಪುಸ್ತಕನ ಝೆರಾಕ್ಸ್ ತಗಿಸಿ ಹಂಗ ಕಳಸ್ತೀನಿ, ಎಣ್ಣಿ ಕಲೆ ಸಹಿತ. ತಿಂಗಳಿಗೊಮ್ಮಿ ಬ್ಯಾಟರಿ ನೋಡಾಕ ಹೋಗ್ತೀನಿ. ಕಾಕಾ ಮಾತಾಡ್ತಾನ, ಕೇಳಿದ್ದಕ್ಕ ಉತ್ತರ ಕೊಡ್ತಾನ. ಬಸಿಯಾಗ ಚಾ ಸುರದು ಕಪ್ಪು ಮಾತ್ರ ಇನ್ನೂ ಕೊಟ್ಟಿಲ್ಲ.